ಪೂನಂ ಉರ್ಫ್ ಮನಿಷಾ

ಕಸ್ತೂರಿಬಾಯಿಯ ಹೆಸರು ತುಂಬಿ ಎರಡು ವರ್ಷವಾಗಿತ್ತು. ಹೆಸರು ತುಂಬುವುದೆಂದರೇನು ಎಂದು ಪೇಟೆಯವರು ಕೇಳಬಹುದು. ಮುಡಬಿಯ ಆಸುಪಾಸಿನ ಹಳ್ಳಿಗಳಲ್ಲಿ ಅದನ್ನು ಯಾವ ಹೆಣ್ಣುಮಗಳಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸಾಲ ಕೊಡುವ ಕಂಪನಿಗಳು ಹೊಲ ಕೇಳುವುದಿಲ್ಲ, ಬಂಗಾರ ಕೇಳುವುದಿಲ್ಲ. ಹತ್ತು ಮಂದಿ ಹೆಂಗಸರು ಒಬ್ಬರಿಗೊಬ್ಬರು ಜಾಮೀನಾಗಿ ಸಂಘ ಕಟ್ಟಿಕೊಂಡು ಕೂತರೆ ಸಾಕು, ಹೆಸರಿನ ಮೇಲೆ ದುಡ್ಡು ಬರುತ್ತದೆ. ಆದರೆ ಒಂದು ಹೆಸರಿಗೆ ಇಷ್ಟೇ ಎಂದು ಮಿತಿ ಉಂಟು. ಅದು ಮುಟ್ಟಿತೋ, ಯಾವ ಕಂಪನಿಯವನು ಬಂದರೂ ಕೈಯಲ್ಲಿನ ಫೋನು ಒತ್ತಿ ನೋಡಿ, "ನಿಮ್ಮ ಹೆಸರು ತುಂಬೇದ್ರಿ" ಎಂದು ತಲೆಯಾಡಿಸುತ್ತಾನೆ. ಇನ್ನೂ ತುಂಬದವರದು ಖಾಲಿ ಹೆಸರು. ಖಾಲಿ ಹೆಸರಿನ ಸೊಸೆ ಬಂದ ಮನೆಗೆ ಓಣಿಯಲ್ಲಿ ಇರುವ ಮರ್ಯಾದೆಯೇ ಬೇರೆ.

ಈ ಸಾಲದಿಂದ ಕಸ್ತೂರಿಬಾಯಿಗೆ ಒಳ್ಳೆಯದೇ ಆಗಲಿಲ್ಲ ಎಂದರೆ ಬಾಯಲ್ಲಿ ಹುಳ ಬಿದ್ದೀತು. ಆಗಿತ್ತು. ಅವಳ ಗಂಡ ಬಕ್ಕಪ್ಪ ಹುಮನಾಬಾದಿನ ಧಾನ್ಯದ ಪೇಟೆಯಲ್ಲಿ ಚೀಲ ಹೊರುವ ಹಮಾಲ. ಮೊದಲನೆಯ ಸಾಲದಲ್ಲಿ ಅವಳು ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಹಾಕಿದಳು. ಅದಕ್ಕೂ ಮುಂಚೆ ಊರವರು ನಾಲ್ಕು ಸೇರು ಜೋಳ ಬೀಸಿಸಲು ಮುಡಬಿಗೆ ಹೋಗಬೇಕಿತ್ತು. ಮೂರು ವರ್ಷ ಗಿರಣಿ ಬಿಡುವಿಲ್ಲದೆ ತಿರುಗಿತು. ಸೋರುವ ಮಾಡು ಹೋಗಿ ಹೊಸ ತಗಡಿನ ಪತ್ರಾಸು ಬಂತು, ಮಗಳ ಮದುವೆ ಯಾರ ಮುಂದೆಯೂ ಕೈಚಾಚದೆ ನಡೆಯಿತು. ಕಂಪನಿಯವರು ಬಂದು ಗಿರಣಿಯ ಪಕ್ಕ ಅವಳನ್ನು ನಿಲ್ಲಿಸಿ ಫೋಟೋ ತೆಗೆದು, ಕೆಳಗೆ 'ಬಡತನ ಗೆದ್ದ ಮಹಿಳೆ' ಎಂದು ಬರೆಸಿ ತಮ್ಮ ಹುಮನಾಬಾದಿನ ಆಫೀಸಿನ ಗೋಡೆಗೆ ತೂಗುಹಾಕಿದರು. ಓಣಿಯ ಹತ್ತು ಹೆಂಗಸರ ಬುಧವಾರದ ಸಂಘಕ್ಕೆ ಅವಳೇ ಲೀಡರ್ ಆದಳು. ಕಾಗದಪತ್ರ ಎಂದರೆ ಕಸ್ತೂರಿಬಾಯಿ, ಕಸ್ತೂರಿಬಾಯಿ ಎಂದರೆ ಕಾಗದಪತ್ರ. ಏಳನೆಯ ಇಯತ್ತೆಯವರೆಗೆ ಓದಿದ್ದು ಐವತ್ತನೆಯ ವಯಸ್ಸಿನಲ್ಲಿ ಕೈಹಿಡಿಯಿತು ನೋಡಿ.

ಗೆದ್ದ ಬಡತನ ಎಷ್ಟು ದೂರ ಹೋಗುತ್ತದೆ? ಬಾಗಿಲ ಹೊರಗೆ ಕೂತಿರುತ್ತದೆ ಅಷ್ಟೆ. ಬಕ್ಕಪ್ಪನಿಗೆ ಚೀಲ ಹೊತ್ತೂ ಹೊತ್ತೂ ಹರ್ನಿಯಾ ಆಯಿತು. ಆಪರೇಷನ್ ಆಯಿತು, ಕೆಟ್ಟಿತು, ಮತ್ತೊಮ್ಮೆ ಆಯಿತು. ಅವನು ಭಾರ ಎತ್ತದ ಮನುಷ್ಯನಾಗಿ ಮನೆಯಲ್ಲಿ ಕೂತ. ಒಂದು ಕಂಪನಿಯ ಕಂತು ಕಟ್ಟಲು ಇನ್ನೊಂದು ಕಂಪನಿಯಲ್ಲಿ ಸಾಲ, ಅದನ್ನು ಕಟ್ಟಲು ಮತ್ತೊಂದು. ಹೆಸರು ತುಂಬಿತು. ತುಂಬಿದ ಎರಡು ವರ್ಷಕ್ಕೆ ಗಿರಣಿಯ ಮೋಟಾರು ಸುಟ್ಟು ಕೂತಿತು.

ಆಗ ಕಸ್ತೂರಿಬಾಯಿಗೆ ಎದುರುಮನೆಯ ಪೂನಂ ಕಣ್ಣಿಗೆ ಬಿದ್ದಳು.

ಪೂನಂ ವೀರಭದ್ರನ ಹೆಂಡತಿ, ಇಪ್ಪತ್ತಾರರ ಹುಡುಗಿ, ತವರು ಚಿಟಗುಪ್ಪ. ಅವಳೂ ಬುಧವಾರದ ಸಂಘದವಳೇ. ಆ ಸಾಲದಲ್ಲಿ ಒಂದು ಎಮ್ಮೆ ಕೊಂಡು ಹಾಲು ಹಾಕುತ್ತಿದ್ದಳು. ಗಂಡ ಹುಮನಾಬಾದಿನ ಕೆಮಿಕಲ್ ಫ್ಯಾಕ್ಟರಿಯೊಂದರಲ್ಲಿ ಗುತ್ತಿಗೆ ಕೆಲಸದವನು. ಅತ್ತೆ ಮೀರಾಬಾಯಿಗೆ ಕಣ್ಣು ಮಬ್ಬು. ನಾಲ್ಕು ವರ್ಷದ ಹೆಣ್ಣುಕೂಸು ಒಂದು. ಈ ಪೂನಂ ಹುಟ್ಟಿದಾಗ ಪೂನಂ ಅಲ್ಲ, ಮನಿಷಾ. ಮರಾಠಿ ಸೀಮೆಯ ಗಾಳಿ ಬೀಸುವ ಈ ಕಡೆಯ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗ ಅದರ ಮೇಲೆ ಉಂಗುರದಿಂದ ಹೆಸರು ಬರೆಯಬೇಕು. ವೀರಭದ್ರನಿಗೆ ಅಕ್ಷರ ಬಾರದು. ಅಯ್ಯನವರು ಅವನ ಕೈ ಹಿಡಿದು ಬರೆಸಿದ್ದರು, ಮಂದಿಯೆಲ್ಲ ನಕ್ಕಿದ್ದರು. ಅವತ್ತಿನಿಂದ ಅವಳು ಪೂನಂ. ತವರಲ್ಲಿ ಮಾಡಿಸಿದ ಆಧಾರ್ ಕಾರ್ಡಿನಲ್ಲಿ ಮಾತ್ರ ಮನಿಷಾ ಹಾಗೇ ಉಳಿದಳು. ಇಲ್ಲಿ ಬಂದು ಮಾಡಿಸಿದ ಓಟಿನ ಕಾರ್ಡಿನಲ್ಲಿ ಪೂನಂ. ಎಮ್ಮೆಯ ಸಾಲ ಓಟಿನ ಕಾರ್ಡಿನ ಮೇಲೆ ಆಗಿತ್ತು.

"ಪೂನಂ, ನಿನ್ನ ತವರ ಹೆಸರು ಖಾಲಿ ಅದ ಅಲ್ಲವಾ?" ಎಂದು ಕಸ್ತೂರಿಬಾಯಿ ಒಂದು ಮುಂಜಾನೆ ಕೇಳಿದಳು. ಪೂನಂ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು.

"ಅದ್ಯಾರಿಗೆ ಬೇಕ್ರಿ ಕಾಕು, ಆ ಹೆಸರು? ಕರಿಯೋರೇ ಇಲ್ಲ."

"ನನಗ ಬೇಕವ್ವಾ."

ಕಸ್ತೂರಿಬಾಯಿ ಎಲ್ಲ ಬಿಡಿಸಿ ಹೇಳಿದಳು. ಮುಡಬಿಯಲ್ಲಿ ಬೇರೆ ಕಂಪನಿಯ ಶುಕ್ರವಾರದ ಸಂಘ ಒಂದಿದೆ. ಅಲ್ಲಿ ಮನಿಷಾಳ ಆಧಾರ್ ಕೊಟ್ಟು ಐವತ್ತು ಸಾವಿರ ಎತ್ತುವುದು, ಮೋಟಾರು ಹಾಕಿಸುವುದು. ವಾರದ ಕಂತು ಕಸ್ತೂರಿಬಾಯಿಯೇ ಕೊಡುತ್ತಾಳೆ. ಮುಡಬಿಯ ಖಾನಾವಳಿಗೆ ಹಿಟ್ಟು ಹಾಕಿ ಬರಲು ಜೊತೆಗೆ ಕರೆದೊಯ್ಯುತ್ತೇನೆ ಎಂದು ಮನೆಯಲ್ಲಿ ಹೇಳಿದರಾಯಿತು.

"ಇವರಿಗೆ ಹೇಳ್ಲೇನ್ರಿ?"

"ಬ್ಯಾಡ. ವೀರಭದ್ರ ಮೊದಲೇ ಅಂಜುಬುರುಕ. ಎರಡು ವರ್ಷದಾಗ ತೀರಿಸಿ ಕೈ ತೊಳಕೋತೀನಿ. ನಿನ್ನ ನೆತ್ತಿ ಮ್ಯಾಲ ಕೈ ಇಟ್ಟು ಹೇಳ್ತೀನಿ."

"ಅಯ್ಯ, ಆಣಿ ಗೀಣಿ ಯಾಕ್ರಿ! ತಗೋರಿ. ಹ್ಯಾಂಗೂ ಖಾಲಿ ಬಿದ್ದದ" ಎಂದು ಪೂನಂ ನಕ್ಕುಬಿಟ್ಟಳು.

ಹನ್ನೊಂದು ತಿಂಗಳು ಎಲ್ಲ ಸುರಳೀತ ನಡೆಯಿತು. ಗಿರಣಿ ಮತ್ತೆ ತಿರುಗಿತು. ಪ್ರತಿ ಶುಕ್ರವಾರ ಇಬ್ಬರೂ ಹಿಟ್ಟಿನ ಚೀಲ ಹಿಡಿದು ಆಟೋ ಹತ್ತುತ್ತಿದ್ದರು. ಕಸ್ತೂರಿಬಾಯಿ ಖಾನಾವಳಿಯಲ್ಲಿ ಹಿಟ್ಟು ತೂಗಿ ಕೊಡುವಷ್ಟರಲ್ಲಿ ಪೂನಂ ಕಂತು ಕಟ್ಟಿ ಬರುತ್ತಿದ್ದಳು. ಆ ಹುಡುಗಿಗೆ ಆ ಶುಕ್ರವಾರಗಳೆಂದರೆ ಏನೋ ಖುಷಿ. "ಅಲ್ಲಿ ಹೆಣ್ಮಕ್ಕಳು ಮನಿಷಾ, ಮನಿಷಾ ಅಂತ ಕರೀತಾರ್ರಿ ಕಾಕು. ತವರಿಗೆ ಹೋಗಿ ಬಂದಂಗ ಆಗ್ತದ" ಎನ್ನುತ್ತಿದ್ದಳು. ಕಸ್ತೂರಿಬಾಯಿಗೆ ಅವಳ ಮೇಲೆ ನಿಜವಾಗಿಯೂ ಜೀವ. ಇದನ್ನು ಈಗಲೇ ಹೇಳಿಬಿಡಬೇಕು. ಮುಂದೆ ಆದದ್ದನ್ನು ಕೇಳಿದ ಮೇಲೆ ಯಾರೂ ನಂಬುವುದಿಲ್ಲ.

ಶೀಗಿಹುಣ್ಣಿಮೆ ಕಳೆದ ಮೇಲೆ ಪೂನಂಗೆ ಕಾಮಣಿ ಆಯಿತು. ಕಣ್ಣು ಅರಿಶಿನ ಬಣ್ಣ. ಮೊದಲು ನಾಟಿ ಔಷಧ ಹಾಕಿಸಿದರು, ಪಥ್ಯ ಮಾಡಿಸಿದರು, ಆಮೇಲೆ ಬಸವಕಲ್ಯಾಣಕ್ಕೆ ಒಯ್ದರು. ಅಷ್ಟರಲ್ಲಿ ಹೊತ್ತು ಮೀರಿತ್ತು. ಬೀದರಿಗೆ ಒಯ್ಯಿರಿ ಎಂದರು ಡಾಕ್ಟರು. ಒಯ್ಯುವ ದುಡ್ಡು ಹೊಂದಿಸುತ್ತೇನೆಂದು ಮನೆಗೆ ಕರೆತಂದ ಮೂರನೆಯ ದಿನ, ಬುಧವಾರ ಮುಂಜಾನೆ ಹಾಲು ಹಿಂಡುವ ಹೊತ್ತಿಗೆ, ಪೂನಂ ಹೋಗಿಬಿಟ್ಟಳು. ಆ ಮೂರು ದಿನವೂ ಕಸ್ತೂರಿಬಾಯಿ ಅವಳ ತಲೆದಿಂಬಿನ ಹತ್ತಿರದಿಂದ ಎದ್ದಿರಲಿಲ್ಲ. ಮೈ ತೊಳೆಸಿ, ಹಸಿರು ಸೀರೆ ಉಡಿಸಿ, ಹಣೆತುಂಬ ಕುಂಕುಮ ಹಚ್ಚಿದವಳೂ ಅವಳೇ. ಮಣ್ಣು ಮಾಡಲು ಒಯ್ಯುವಾಗ ಎದೆ ಬಡಿದುಕೊಂಡು ಅತ್ತಳು. ಆ ಅಳುವಿನಲ್ಲಿ ಒಂದು ತೊಟ್ಟೂ ಸುಳ್ಳಿರಲಿಲ್ಲ.

ಸಂಘದ ವಾರ ಅವತ್ತೇ ಆದದ್ದರಿಂದ ಕಂಪನಿಯ ರತ್ನದೀಪನೂ ಮಣ್ಣಿಗೆ ಬಂದ. ಇಪ್ಪತ್ತೈದರ ಹುಡುಗ, ಬೈಕು, ಬೆನ್ನಿಗೊಂದು ಬ್ಯಾಗು. ಕೆಟ್ಟವನಲ್ಲ. ಎರಡು ಮುಷ್ಟಿ ಮಣ್ಣು ಹಾಕಿ ವೀರಭದ್ರನ ಹೆಗಲ ಮೇಲೆ ಕೈಯಿಟ್ಟ.

"ಅಣ್ಣಾ, ಒಂದು ಮಾತು. ಸಾಲಗಾರರು ತೀರಿಕೊಂಡ್ರ ಇನ್ಶುರೆನ್ಸ್ ಅದ. ಉಳಿದ ಸಾಲ ಪೂರಾ ಮಾಫ್. ಡೆತ್ ಸರ್ಟಿಫಿಕೇಟ್ ಒಂದು ತಂದುಕೊಡ್ರಿ. ಹೆಸರು ಬರೋಬ್ಬರಿ ಇರ್ಲಿ ಅಷ್ಟೇ."

ಎರಡು ಹೆಜ್ಜೆ ಹಿಂದೆ ನಿಂತಿದ್ದ ಕಸ್ತೂರಿಬಾಯಿಗೆ ಈ ಮಾತು ಕೇಳಿಸಿತು. ಅಳು ಅಲ್ಲಿಗೇ ನಿಂತಿತು. ಮುಡಬಿಯ ಕಂಪನಿಯಲ್ಲೂ ಇದೇ ಕಾಯಿದೆ ಎಂದು ಅವಳಿಗೆ ನೆನಪಾಯಿತು. ಮರುಗಳಿಗೆಯಲ್ಲಿ ತನ್ನ ಮೇಲೆ ತನಗೇ ಹೇಸಿಗೆಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆರನೆಯ ದಿನ ವೀರಭದ್ರ ಪ್ಲಾಸ್ಟಿಕ್ ಚೀಲವೊಂದನ್ನು ಹಿಡಿದು ಗಿರಣಿಗೆ ಬಂದ. ಗಡ್ಡ ಬಿಟ್ಟಿದ್ದ, ಕಣ್ಣು ಗುಳಿಬಿದ್ದಿದ್ದವು. ಚೀಲದಲ್ಲಿ ಆಧಾರ್ ಕಾರ್ಡು, ಓಟಿನ ಕಾರ್ಡು, ರೇಷನ್ ಕಾರ್ಡು.

"ಕಾಕು, ನನಗ ಓದಾಕ ಬರಂಗಿಲ್ಲ. ಫ್ಯಾಕ್ಟರಿಯಾಗ ಇನ್ನೊಂದು ದಿನ ಸೂಟಿ ಮಾಡಿದ್ರ ಬಿಡಿಸ್ತೀವಿ ಅಂದಾರ. ಪಂಚಾಯ್ತಿಗೆ ಹೋಗಿ ನೀವೇ ಮಾಡಿಸ್ಕೊಂಡು ಬರ್ರಿ. ಆಕಿಗೆ ನೀವು ತಾಯಿ ಇದ್ದಂಗ ಇದ್ರಿ."

ಪಂಚಾಯಿತಿ ಆಫೀಸು ಎರಡು ಮೈಲಿ ದೂರ, ತೊಗರಿ ಹೊಲಗಳ ನಡುವಿನ ದಾರಿ. ಕಸ್ತೂರಿಬಾಯಿ ಒಬ್ಬಳೇ ಹೊರಟಳು. ದಾರಿಯುದ್ದಕ್ಕೂ ಚೀಲ ಅವಳ ಕೈಯಲ್ಲಿ ಮಾತಾಡಿತು. ಸತ್ತವಳು ಒಬ್ಬಳು. ಸಾಲ ಎರಡು. ಕಾಗದದ ಮೇಲೆ ಸಾಯಬಹುದಾದದ್ದು ಒಂದೇ ಹೆಸರು. ಪೂನಂ ಸತ್ತಳೆಂದು ಬರೆಸಿದರೆ ವೀರಭದ್ರನ ಎಮ್ಮೆಯ ಸಾಲ ಹೋಗುತ್ತದೆ. ಹಾಗಾದರೆ ಬರುವ ಶುಕ್ರವಾರ ಮುಡಬಿಯಲ್ಲಿ ಮನಿಷಾ ಎಂದು ಯಾರನ್ನು ಕೂರಿಸುವುದು? ಮೂರನೆಯ ವಾರಕ್ಕೆ ಆ ಕಂಪನಿಯವನು ಆಧಾರ್ ಹಿಡಿದು ಹುಡುಕುತ್ತಾ ವೀರಭದ್ರನ ಬಾಗಿಲಿಗೇ ಬರುತ್ತಾನೆ. ಸತ್ತ ಹೆಂಡತಿಯ ಹೆಸರಿನಲ್ಲಿ ಎದುರುಮನೆಯವಳು ದುಡ್ಡು ತಿಂದದ್ದು ಊರಿಗೇ ಗೊತ್ತಾಗುತ್ತದೆ. ಮನಿಷಾ ಸತ್ತಳೆಂದು ಬರೆಸಿದರೆ ಮುಡಬಿಯ ಸಾಲ ಸದ್ದಿಲ್ಲದೆ ಮಣ್ಣಾಗುತ್ತದೆ. ಎಮ್ಮೆಯ ಸಾಲ ವೀರಭದ್ರನ ತಲೆಯ ಮೇಲೆ ಉಳಿಯುತ್ತದೆ.

ಅವನಿಗೇನು, ಗಟ್ಟಿಮುಟ್ಟಾಗಿದ್ದಾನೆ, ದುಡಿಯುತ್ತಾನೆ, ಎಮ್ಮೆ ಇದೆ ಎಂದುಕೊಂಡಳು ಕಸ್ತೂರಿಬಾಯಿ. ನನಗೋ, ಮನೆಯಲ್ಲಿ ಕೂತ ಗಂಡ. ಛೀ, ಆ ಕೂಸಿನ ಬಾಯಿಂದ ಕಸಿಯುವುದೇ ಎಂದೂ ಅಂದುಕೊಂಡಳು. ಪಂಚಾಯಿತಿಯ ಮೆಟ್ಟಿಲು ಹತ್ತುವಾಗ ಅವಳ ಕೈ ಚೀಲದಲ್ಲಿ ಓಟಿನ ಕಾರ್ಡನ್ನೇ ಹಿಡಿದಿತ್ತು, ಇದು ಖರೆ. ಪೂನಂ ಎಂದೇ ಬರೆಸುವೆನೆಂದು ಆಕೆ ನಿಶ್ಚಯ ಮಾಡಿದ್ದಳು.

ಕ್ಲಾರ್ಕ್ ಶರಣಕುಮಾರ ಕಂಪ್ಯೂಟರಿನ ಮುಂದೆ ಕೂತಿದ್ದ. ಚೀಲ ಇಸಿದುಕೊಂಡು ಎಲ್ಲವನ್ನೂ ಮೇಜಿನ ಮೇಲೆ ಸುರುವಿದ.

"ಇದೇನ್ ಬಾಯೀ, ಇದರಾಗ ಮನಿಷಾ, ಇದರಾಗ ಪೂನಂ! ಸತ್ತಾಕಿ ಯಾರು?"

"ಇಬ್ರೂ ಒಬ್ಬಾಕಿನೇ ರೀ. ಒಂದು ತವರಿಂದು, ಒಂದು ಗಂಡನ ಮನಿದು."

"ಹಂಗಾದ್ರ ಉರ್ಫ್ ಹಾಕ್ಲೇನು? ಪೂನಂ ಉರ್ಫ್ ಮನಿಷಾ. ಎರಡೂ ಬರ್ತಾವ. ಆದ್ರ ಗಂಡ ಬರಬೇಕು, ಬಸವಕಲ್ಯಾಣದಾಗ ನೋಟರಿ ಮುಂದ ಅಫಿಡವಿಟ್ ಮಾಡಿಸಿ ಸಹಿ ಹಾಕಬೇಕು. ಮುಂದ ಯಾವ ತಕರಾರೂ ಇರಂಗಿಲ್ಲ."

ಉರ್ಫ್. ಎರಡಕ್ಷರದ ಮಾತು. ಅದೊಂದನ್ನು ಬರೆಸಿದ್ದರೆ ಮುಗಿಯುತ್ತಿತ್ತು. ಆದರೆ ಅದಕ್ಕೆ ವೀರಭದ್ರನನ್ನು ಕರೆತರಬೇಕು, ಎರಡೂ ಹೆಸರು ಯಾಕೆ ಬೇಕು ಎಂದು ಅವನಿಗೆ ಹೇಳಬೇಕು, ಮುಡಬಿಯ ಶುಕ್ರವಾರಗಳನ್ನು ಅವನ ಮುಂದೆ ಬಿಚ್ಚಿಡಬೇಕು. 'ತಾಯಿ ಇದ್ದಂಗ ಇದ್ರಿ' ಎಂದವನ ಮುಂದೆ.

"ಒಂದೇ ಹೆಸರು ಸಾಕಂದ್ರ?" ಎಂದಳು.

"ಸಾಕಂದ್ರ ಸಾಕು. ಆಧಾರ್ ನಂಬರ್ ಹಾಕಿದ್ರ ನನಗೂ ಕೆಲಸ ಹಗುರ. ಲಗೂನ ಹೇಳ್ರಿ, ಕರೆಂಟ್ ಹೋಗ್ತದ."

"ಆಧಾರದಾಗ ಇದ್ದದ್ದೇ ಹಾಕ್ರಿ" ಎಂದಳು ಕಸ್ತೂರಿಬಾಯಿ. ಹೇಳಿದ್ದು ತಾನೇ ಹೌದೋ ಅಲ್ಲವೋ ಎನ್ನುವಷ್ಟು ಸಣ್ಣ ದನಿಯಲ್ಲಿ. ಕ್ಲಾರ್ಕ್ ಟಕಟಕ ಬಡಿದ, ಕಾಗದ ಹೊರಬಂತು. ಸುದ್ದಿ ಕೊಟ್ಟವರು ಎಂಬಲ್ಲಿ ಅವಳು ದುಂಡಗೆ ಸಹಿ ಮಾಡಿದಳು.

ಸಂಜೆ ವೀರಭದ್ರನ ಕೈಗೆ ಕಾಗದ ಕೊಡುತ್ತಾ, "ಆಧಾರದಾಗಿನ ಹೆಸರೇ ಹಾಕ್ತಾರಂತ, ಕಾಯಿದೆ ಅಂತ" ಎಂದಳು. ಅವನು ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, ಹಣೆಗೆ ಒತ್ತಿಕೊಂಡು, ಅವಳ ಕಾಲು ಮುಟ್ಟಲು ಬಾಗಿದ. ಅವಳು ಸರಕ್ಕನೆ ಹಿಂದೆ ಸರಿದಳು.

ಶುಕ್ರವಾರ ಅವಳೊಬ್ಬಳೇ ಮುಡಬಿಗೆ ಹೋದಳು. ಅಲ್ಲಿಯ ಸಾಹೇಬ ಅವಳು ಮೊದಲೇ ಮಾಡಿಸಿಟ್ಟಿದ್ದ ಸರ್ಟಿಫಿಕೇಟಿನ ಜೆರಾಕ್ಸ್ ಇಸಿದುಕೊಂಡ, ಸಂಘದ ಇಬ್ಬರಿಂದ ಸಾಕ್ಷಿ ಸಹಿ ಹಾಕಿಸಿಕೊಂಡ, ಫೋನು ಒತ್ತಿದ. ಸಾಲ ಹೋಯಿತು. ಅಲ್ಲಿಯ ಹೆಂಗಸರು "ಎಷ್ಟು ಚಂದ ನಗತಿದ್ದಳು ನಮ್ಮ ಮನಿಷಾ" ಎಂದು ಕಣ್ಣೊರೆಸಿಕೊಂಡರು. ಕಸ್ತೂರಿಬಾಯಿ ಮನೆಗೆ ಬಂದು ರೊಟ್ಟಿ ಬಡಿದಳು. ದಿನಕ್ಕಿಂತ ಒಂದು ರೊಟ್ಟಿ ಹೆಚ್ಚು ಉಂಡಳು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಹಸಿವು ಅಂಥದ್ದು.

ಮುಂದಿನ ಬುಧವಾರ ಸಂಘ ಕೂತಿತು, ಕಸ್ತೂರಿಬಾಯಿಯ ಅಂಗಳದಲ್ಲೇ. ವೀರಭದ್ರ ಅರ್ಧ ದಿನದ ಪಗಾರ ಬಿಟ್ಟು ಬಂದಿದ್ದ. ರತ್ನದೀಪ ಕಾಗದ ಬಿಡಿಸಿ ಓದಿದ. ಇನ್ನೊಮ್ಮೆ ಓದಿದ.

"ಇದ್ಯಾರ್ದು ಅಣ್ಣಾ? ಮನಿಷಾ ಅಂತ ನಮ್ಮಲ್ಲಿ ಯಾರೂ ಇಲ್ಲ."

"ಆಕಿನೇ ರೀ. ನನ್ನ ಹೆಂಡ್ತಿ."

"ನಮ್ಮ ಸಾಲ ಪೂನಂ ಹೆಸರಿನಾಗ ಅದ."

"ಪೂನಂ ಸತ್ತಾಳ್ರಿ ಸಾಹೇಬ್ರ! ನೀವೇ ಬಂದು ಮಣ್ಣು ಹಾಕೀರಿ."

"ನಾ ಹಾಕೀನಿ. ಇಲ್ಲ ಅನ್ನಾಕತ್ತಿಲ್ಲ" ಎಂದ ರತ್ನದೀಪ. ಅವನ ಮುಖವೂ ಬಾಡಿತ್ತು. "ನಾ ನೋಡಿದ್ದು ಫೋನಿನಾಗ ಹಾಕಾಕ ಬರಂಗಿಲ್ಲ ಅಣ್ಣಾ. ಕಾಗದದಾಗ ಸತ್ತಾಕಿ ಮನಿಷಾ. ಪೂನಂ ಸತ್ತಿಲ್ಲ."

ವೀರಭದ್ರ ಸುತ್ತಲೂ ನೋಡಿ ಕಸ್ತೂರಿಬಾಯಿಯ ಕಡೆ ತಿರುಗಿದ. "ಕಾಕು, ನೀವರೆ ಹೇಳ್ರಿ. ಮನಿಷಾ ಅಂದ್ರೂ ಇಕಿನೇ, ಪೂನಂ ಅಂದ್ರೂ ಇಕಿನೇ ಅಂತ ಬಾಯಿಬಿಟ್ಟು ಹೇಳ್ರಿ."

"ಹಂಗಿದ್ರ ಆ ಆಧಾರ್ ನಂಬರ್ ಕೊಡ್ರಿ" ಎಂದ ರತ್ನದೀಪ, ಫೋನು ಹೊರತೆಗೆಯುತ್ತಾ. "ಒತ್ತಿ ನೋಡ್ತೀನಿ. ಆ ಹೆಸರಿನ ಮ್ಯಾಲ ಎಲ್ಲೆಲ್ಲಿ ಏನೇನು ಅದ ಎಲ್ಲಾ ಬರ್ತದ. ಇಬ್ರೂ ಒಬ್ಬರೇ ಅಂತ ಮ್ಯಾಲಿನವರಿಗೆ ಬರೀತೀನಿ."

ಕಸ್ತೂರಿಬಾಯಿ ಫೋನಿಗೆ ಅಡ್ಡ ಕೈ ಚಾಚಿದಳು. ಒತ್ತಿದರೆ ಮುಡಬಿ ಹೊರಬೀಳುತ್ತದೆ. ಸಾಲ ಎತ್ತಿದ್ದು, ಮೊನ್ನೆ ಮಾಫಾದದ್ದು, ಎಲ್ಲವೂ.

"ಬ್ಯಾಡ ಬಿಡ್ರಿ ಸಾಹೇಬ್ರ" ಎಂದುಬಿಟ್ಟಳು. "ಸತ್ತ ಮನ್ಯಾಗ ಇದೇನು ತಕರಾರು? ಆಕಿ ಕಂತು ನಾವು ಸಂಘದವರೇ ಕೂಡಿ ತುಂಬ್ತೀವಿ. ನಮ್ಮ ಹುಡುಗಿ ಆಕಿ."

ಎಂಟು ಹೆಂಗಸರು ಅವಳ ಮುಖವನ್ನೇ ನೋಡಿದರು. ವೀರಭದ್ರ ಗೋಡೆಗೆ ಒರಗಿ ಮಗುವಿನಂತೆ ಅತ್ತ. ಈ ಕಾಲದಲ್ಲಿ ಇಂಥವರೂ ಇರುತ್ತಾರಲ್ಲ ಎಂದು ಅತ್ತ. ರತ್ನದೀಪ ಫೋನನ್ನು ಜೇಬಿಗಿಟ್ಟ.

ದೊಡ್ಡ ಮಾತಿನ ಬೆಲೆ ಎರಡು ವಾರ. ಎರಡು ವಾರ ಹೆಂಗಸರು ಗೊಣಗುತ್ತಾ ಕೂಡಿಸಿ ಕೊಟ್ಟರು. ಮೂರನೆಯ ವಾರದ ಮುಂಜಾನೆ ಪಕ್ಕದ ಓಣಿಯ ತಾಹೇರಾ ಜೋಳ ಬೀಸಿಸಲು ಬಂದಳು. ಅವಳೂ ಸಂಘದವಳು. ಗಿರಣಿಯ ಗದ್ದಲದಲ್ಲಿ ಕಸ್ತೂರಿಬಾಯಿಯ ಕಿವಿಯ ಹತ್ತಿರ ಬಂದು ನಿಂತಳು.

"ಕಸ್ತೂರಕ್ಕಾ, ಮುಡಬಿಯಾಗ ನನ್ನ ಖಾಲಾನ ಮಗಳು ಅದಾಳ. ಶುಕ್ರವಾರದ ಸಂಘದಾಗ. ಅಲ್ಲಿ ಮನಿಷಾ ಅನ್ನೋಳು ಸತ್ತಳಂತ. ಸಾಲ ಮಾಫ್ ಆಯ್ತಂತ."

ಕಸ್ತೂರಿಬಾಯಿ ಗಿರಣಿ ಬಂದ್ ಮಾಡಿದಳು. ಹಿಟ್ಟಿನ ಧೂಳು ಇಬ್ಬರ ನಡುವೆ ಮೆಲ್ಲಗೆ ಇಳಿಯಿತು.

"ಎಲ್ಲರಿಗೂ ಹೇಳ್ತೀಯೇನು?" ಎಂದಳು.

"ಹೇಳಿದ್ರ? ನಿನ್ನ ಕೂಡ ಹತ್ತು ಮಂದಿ ಹೆಸರು ಹೋಗ್ತದ. ಮುಂದಿನ ತಿಂಗಳು ನನಗ ಹೊಸ ಸಾಲ ಬರೋದದ, ಮಗಳ ನರ್ಸಿಂಗ್ ಫೀಸ್ ತುಂಬೋದದ." ತಾಹೇರಾ ಹಿಟ್ಟಿನ ಡಬ್ಬಿ ಎತ್ತಿಕೊಂಡಳು. "ನಾ ಹೇಳಂಗಿಲ್ಲ. ತೋಬಾ, ನಾನೂ ನಿನ್ನಂಥಾಕಿನೇ ಆದೆ. ಆದ್ರ ಒಂದು ಮಾಡಕ್ಕಾ. ಆ ಮನಿ ಮುಂದ ಹೋಗಿ ವಸೂಲಿಗೆ ಕೂಡಬ್ಯಾಡ. ಅಷ್ಟರೆ ಮಾಡು."

ಅಷ್ಟೂ ಆಗಲಿಲ್ಲ. ಕಂತು ತುಂಬದವರ ಬಾಗಿಲಿಗೆ ಸಂಘ ಹೋಗಿ ಕೂರುವುದೇ ಪದ್ಧತಿ, ಲೀಡರ್ ಮುಂದೆ ನಡೆಯಬೇಕು. ಉಳಿದವರು ತಮ್ಮ ಜೇಬಿನಿಂದ ಇನ್ನೊಂದು ಪೈ ಬಿಚ್ಚಲಾರೆವೆಂದು ಎದ್ದು ನಿಂತಿದ್ದರು. ಕಸ್ತೂರಿಬಾಯಿ ಓ ಎನ್ನುವಷ್ಟು ದೂರದ ಆ ಎದುರುಮನೆಗೆ ಹತ್ತು ಹೆಜ್ಜೆ ನಡೆದು, ಅಂಗಳದಲ್ಲಿ ಸೆರಗು ಹೊದ್ದು ಕೂತಳು. ಅವಳ ಹಿಂದೆ ಎಂಟು ಮಂದಿ. ಒಳಗಿನಿಂದ ಮೀರಾಬಾಯಿ ಗೋಡೆ ಹಿಡಿದುಕೊಂಡು ಬಂದು, ಯಾರು ಯಾರು ಬಂದಿದ್ದಾರೆಂದು ಕೈಯಿಂದ ಮುಟ್ಟಿ ನೋಡಿ, ಸೊಸೆ ಸತ್ತದ್ದಕ್ಕೆ ಮಾತಾಡಿಸಲು ಬಂದಿದ್ದಾರೆಂದುಕೊಂಡು ಮತ್ತೆ ಅಳತೊಡಗಿದಳು. ಅವಳಿಗೆ ತಿಳಿಸಿ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಎಲ್ಲರೂ ಅವಳ ಜೊತೆ ಕೂತು ಅತ್ತರು. ಆಮೇಲೆ ಕಸ್ತೂರಿಬಾಯಿಯೇ ಕಣ್ಣೊರೆಸಿಕೊಂಡು ಕಂತಿನ ಮಾತು ತೆಗೆದಳು.

ವೀರಭದ್ರ ಎಮ್ಮೆ ಮಾರಿದ. ಗಬ್ಬದ ಎಮ್ಮೆ, ಆದರೂ ಆತುರಕ್ಕೆ ಮಾರುವವನಿಗೆ ಬೆಲೆ ಎಲ್ಲಿಂದ ಬರಬೇಕು? ಬಂದದ್ದು ಬಸವಕಲ್ಯಾಣದ ದವಾಖಾನೆಗೆಂದು ಮಾಡಿದ್ದ ಕೈಗಡಕ್ಕೆ, ತಿಥಿ ಊಟಕ್ಕೆ ಹೋಯಿತು. ಎಮ್ಮೆಯ ಸಾಲ ಎಮ್ಮೆಯಿಲ್ಲದೆ ಉಳಿಯಿತು. ಅವನು ಹುಮನಾಬಾದಿನಲ್ಲಿ ಎರಡು ಪಾಳಿ ಹಿಡಿದ, ವಾರಕ್ಕೊಮ್ಮೆ ಮನೆಗೆ ಬರುವಂತಾದ. ಕೂಸು ಕರಿ ಚಹಾದಲ್ಲಿ ರೊಟ್ಟಿ ಅದ್ದಿ ತಿನ್ನುವುದನ್ನು ಕಲಿಯಿತು. ಬಂದಾಗಲೆಲ್ಲ ವೀರಭದ್ರ ಗಿರಣಿಯ ಬಾಗಿಲಲ್ಲಿ ನಿಂತು, "ಕಾಕು, ನಮ್ಮವ್ವನ ಕಡೆ ಜರಾ ಲಕ್ಷ್ಯ ಇಡ್ರಿ, ನಿಮ್ಮ ಹೊರತು ನಮಗ ಯಾರದಾರ?" ಎಂದು ಹೇಳಿ ಹೋಗುತ್ತಿದ್ದ. ಅವನು ಬೈದಿದ್ದರೆ ಕಸ್ತೂರಿಬಾಯಿ ಹೇಗೋ ತಡೆದುಕೊಳ್ಳುತ್ತಿದ್ದಳು. ಈ ಮಾತು ಅವಳನ್ನು ಅರೆಯಿತು. ಒಂದು ದಿನ ತಡೆಯಲಾರದೆ ಪಂಚಾಯಿತಿಗೆ ಓಡಿದಳು. ಹೆಸರು ತಿದ್ದಲು ಬರುತ್ತದೆಯೇ ಎಂದು ಕೇಳಿದಳು.

"ಈಗೆಲ್ಲಿ ಬರ್ತದ ಬಾಯೀ? ಕೋರ್ಟಿಗೆ ಹೋಗಬೇಕು. ಅವತ್ತೇ ಕೇಳಿದ್ದೆ, ಉರ್ಫ್ ಹಾಕ್ಲೇನು ಅಂತ" ಎಂದ ಶರಣಕುಮಾರ. "ಕೋರ್ಟಿನಾಗ ಸುದ್ದಿ ಕೊಟ್ಟವರು ನೀವೇ ನಿಂತು, ಯಾಕ ಹಿಂಗ ಬರೆಸಿದ್ರಿ ಅಂತ ಹೇಳಬೇಕಾಗ್ತದ."

ಅವಳು ತಿರುಗಿ ಬಂದಳು.

ಸಂಕ್ರಾಂತಿ ಹತ್ತಿರ ಬಂದ ಹಾಗೆ ಕಂಪನಿಯಲ್ಲಿ ಹೊಸ ನೇಮ ಬಂತು. ವಾರವಾರ ಹತ್ತೂ ಮಂದಿಯ ಹಾಜರಿ ಫೋನಿನಲ್ಲಿ ಬೀಳಬೇಕು, ಮೂರು ವಾರ ಒಬ್ಬರು ಗೈರಾದರೆ ಇಡೀ ಸಂಘದ ಹೊಸ ಸಾಲ ಬಂದ್. ಹೆಂಗಸರು ಹೌಹಾರಿದರು. ರತ್ನದೀಪ ತಲೆ ಕೆರೆದುಕೊಂಡು, "ಪೂನಂ ಮನೀಯವರು ಯಾರಾದ್ರೂ ಬಂದು ಕೂಡ್ಲಿ, ಹೆಸರು ಕರದಾಗ ಹೂಂ ಅನ್ಲಿ. ನಾ ಮಾರಿ ನೋಡಂಗಿಲ್ಲ" ಎಂದ. ಉಪಾಯ ಹೇಳಿಕೊಟ್ಟದ್ದಕ್ಕೆ ಎಲ್ಲರೂ ಅವನನ್ನು ಹೊಗಳಿದರು. ಮೀರಾಬಾಯಿಯನ್ನು ಕೈಹಿಡಿದು ಕರೆತರುವ ಜವಾಬ್ದಾರಿ ಲೀಡರಿಗೆ ಬಿತ್ತು.

ಆ ಬುಧವಾರ ಕಸ್ತೂರಿಬಾಯಿ ಮುದುಕಿಯನ್ನು ಕರೆತಂದು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಮೊಮ್ಮಗಳು ಅಜ್ಜಿಯ ಸೆರಗು ಹಿಡಿದು ಬಂದಿತ್ತು, ತೊಡೆಯ ಮೇಲೆ ಕೂತಿತು. ಹೂಂ ಎಂದರೆ ಸಾಕು ಎಂದು ದಾರಿಯಲ್ಲೇ ಎರಡು ಸಲ ಹೇಳಿಕೊಟ್ಟಿದ್ದಳು. ರತ್ನದೀಪ ಕರೆಯತೊಡಗಿದ. ತಾಹೇರಾ ಎಂದ, ತಾಹೇರಾ ನೆಲ ನೋಡುತ್ತಾ ಹಾಜರ್ ಎಂದಳು. ಇನ್ನೂ ಮೂವರು ಹಾಜರ್ ಎಂದರು.

"ಪೂನಂ ವೀರಭದ್ರ."

ಮೀರಾಬಾಯಿಗೆ ಹೇಳಿಕೊಟ್ಟದ್ದು ಮರೆತುಹೋಗಿತ್ತೋ ಏನೋ. ಮಬ್ಬುಗಣ್ಣನ್ನು ದನಿ ಬಂದ ಕಡೆ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು.

"ಅದಾಳ್ರಿ."

ಕೂಸು ಥಟ್ಟನೆ ಅಜ್ಜಿಯ ಮುಖ ನೋಡಿತು. "ಎಲ್ಲದಾಳ?" ಎಂದಿತು. ಅದು ತೊಡೆಯಿಂದ ಇಳಿದು, ಸಾಲಾಗಿ ಕೂತ ಹೆಂಗಸರ ಮುಂದೆ ಹಾದು, ಸೆರಗು ಹೊದ್ದವರ ಮುಖವನ್ನೆಲ್ಲ ಬಗ್ಗಿ ಬಗ್ಗಿ ನೋಡಿತು. ಕಸ್ತೂರಿಬಾಯಿಯ ಮುಖವನ್ನೂ ನೋಡಿತು. ಅಲ್ಲಿಲ್ಲವೆಂದು ಗೊತ್ತಾಗಿ, ಗಿರಣಿಯ ಕೋಣೆಯೊಳಗೆ ಹೋಯಿತು. ಒಳಗಿನಿಂದ "ಅವ್ವಾ, ಏ ಅವ್ವಾ" ಎಂದು ಕರೆಯುವುದು ಕೇಳಿಸಿತು.

ಹೇಳಿಬಿಡಬೇಕು, ಈಗ ಹೇಳಿಬಿಡಬೇಕು ಎಂದು ಕಸ್ತೂರಿಬಾಯಿಯ ಜೀವ ಬಾಯಿಗೆ ಬಂತು. ತುಟಿ ಬಿಚ್ಚಿದಳು.

"ಕಸ್ತೂರಿಬಾಯಿ ಬಕ್ಕಪ್ಪ" ಎಂದ ರತ್ನದೀಪ, ಫೋನಿನಿಂದ ಕಣ್ಣೆತ್ತದೆ.

"ಹಾಜರ್" ಎಂದಳು ಕಸ್ತೂರಿಬಾಯಿ.